ಸ್ಕೀಗೆ ಸಾಣೆ

ಸಿಯಾಟಲ್ಲಿನ ಯೇಲ್ ಅವೆನ್ಯೂದಲ್ಲಿ ಆರ್‌ಇಐ ಅಂತ ಒಂದು ಅಂಗಡಿಯಿದೆ. ಅಂಗಡಿ ಎಂದರೆ ಅದಕ್ಕೇ ಬೇಜಾರಾದೀತು. ಒಳಗೆ 65 ಅಡಿ ಎತ್ತರದ ಕೃತಕ ಬಂಡೆ ನಿಂತಿದೆ, ಹೊರಗೆ ಮರಗಿಡಗಳ ನಡುವೆ ಪುಟ್ಟ ಜಲಪಾತ ಸುರಿಯುತ್ತದೆ. ಬಾಗಿಲು ತೆರೆಯಲು ಕೈಹಾಕಿದರೆ ಸಿಗುವುದು ಮಾಮೂಲಿ ಹಿಡಿಯಲ್ಲ, ಹಿಮಪರ್ವತ ಹತ್ತುವವರ ಐಸ್ ಆ್ಯಕ್ಸ್. ಒಂದು ಜೊತೆ ಕಾಲುಚೀಲ ತರಲು ಹೋದವನಿಗೂ ತಾನೀಗ ಏನೋ ಸಾಹಸಕ್ಕೆ ಹೊರಟಿದ್ದೇನೆ ಎಂಬ ಭ್ರಮೆ ಹುಟ್ಟಿಸುವ ಉಪಾಯ ಇದು. ಭ್ರಮೆಗೆ ಬಿದ್ದವರು ಕಾಲುಚೀಲವೊಂದನ್ನೇ ಹಿಡಿದು ಆಚೆ ಬರುವುದಿಲ್ಲ.

ಆ ಐಸ್ ಆ್ಯಕ್ಸಿಗೆ ಅಲ್ಲಿ ಮೂಲದೇವರ ಸ್ಥಾನ. ಈ ಊರಿನ ಲಾಯ್ಡ್ ಆಂಡರ್ಸನ್ ಎಂಬ ಪರ್ವತಾರೋಹಿಗೆ ಒಳ್ಳೆಯದೊಂದು ಐಸ್ ಆ್ಯಕ್ಸ್ ಬೇಕಾಗಿತ್ತು. ಆಸ್ಟ್ರಿಯಾದಿಂದ ಮೂರೂವರೆ ಡಾಲರಿಗೆ ತರಿಸಿಕೊಂಡ. ನೋಡಿದ ಗೆಳೆಯರೆಲ್ಲ ‘ನನಗೂ ಒಂದು’ ಎಂದರು. 1938ರಲ್ಲಿ ಅವನೂ ಹೆಂಡತಿ ಮೇರಿಯೂ ಸೇರಿ ಒಂದು ಡಾಲರ್ ಸದಸ್ಯತ್ವದ ಸಹಕಾರ ಸಂಘ ಕಟ್ಟಿದರು; ಅದೇ ಇಂದಿನ ಆರ್‌ಇಐ. ಸಂಘಕ್ಕೆ ಸಿಕ್ಕ ಮೊದಲ ಪೂರ್ಣಾವಧಿ ನೌಕರ ಜಿಮ್ ವಿಟೇಕರ್. 1963ರಲ್ಲಿ ಎವರೆಸ್ಟ್ ಹತ್ತಿದ ಮೊದಲ ಅಮೆರಿಕನ್ ಅವನೇ. ಅಂಥವನ ರಜೆ ಅರ್ಜಿಯನ್ನು ಮ್ಯಾನೇಜರ್ ಆದವನು ತಿರಸ್ಕರಿಸುವುದಾದರೂ ಹೇಗೆ?

ನಾನು ಸ್ಕೀ ಆಡುವವನಲ್ಲ. ನಮ್ಮ ಮನೆಯಲ್ಲಿ ಆಡುವವಳು ಹೆಂಡತಿ, ಅವಳಿಗಿಂತ ಜೋರಾಗಿ ಆಡುವುದಾಗಿ ಹೇಳಿಕೊಳ್ಳುವವನು ಅವಳ ತಮ್ಮ. ನನ್ನದು ಹಮಾಲಿ ಕೆಲಸ. ಚಳಿಗಾಲ ಶುರುವಾಗುವ ಹೊತ್ತಿಗೆ ಸ್ಕೀಗಳನ್ನು ಗ್ಯಾರೇಜಿನಿಂದ ಇಳಿಸಿ, ಈ ಅಂಗಡಿಯ ರಿಪೇರಿ ಕೌಂಟರಿಗೆ ಹೊತ್ತು ತಂದು, ಚೀಟಿ ಜೇಬಿಗೆ ಹಾಕಿಕೊಂಡು ಬರುವುದು. ಹಮಾಲಿಗೆ ಕೂಲಿಯೇನೆಂದರೆ ಆ ಕೌಂಟರಿನ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಂತು ನೋಡುವ ಸ್ವಾತಂತ್ರ್ಯ.

ನೋಡುವಂಥದ್ದೇ ಅದು. ಸ್ಕೀ ಪಟ್ಟಿಯ ತಳಕ್ಕೆ ಒಂದು ಜಾತಿಯ ಗಟ್ಟಿ ಪಾಲಿಥೀನ್ ಅಂಟಿಸಿರುತ್ತಾರೆ, ಎರಡೂ ಅಂಚಿಗೆ ಸಣ್ಣ ಉಕ್ಕಿನ ಪಟ್ಟಿ. ಈ ಉಕ್ಕಿನಂಚು 1926ರಲ್ಲಿ ಆಸ್ಟ್ರಿಯಾದ ರುಡಾಲ್ಫ್ ಲೆಟ್ನರ್ ಕೊಟ್ಟ ವರ. ಅದಕ್ಕೆ ಮುಂಚೆ ಗಡುಸು ಮಂಜಿನ ಮೇಲೆ ಬರೀ ಮರದ ಅಂಚು ನೆಚ್ಚಿಕೊಂಡು ಜಾರುತ್ತಿದ್ದ ಪುಣ್ಯಾತ್ಮರನ್ನು ನೆನೆದರೆ ಮೈ ಜುಂ ಎನ್ನುತ್ತದೆ. ಕಲ್ಲಿಗೆ ತಾಗಿ ತಳದಲ್ಲಿ ಗುಳಿ ಬಿದ್ದಿದ್ದರೆ ಪ್ಲಾಸ್ಟಿಕ್ಕಿನ ಕಡ್ಡಿಯೊಂದನ್ನು ಹೊತ್ತಿಸಿ, ಕರಗಿದ ಹನಿಗಳನ್ನು ಗುಳಿಯೊಳಗೆ ಬೀಳಿಸಿ, ಆರಿದ ಮೇಲೆ ಹೆರೆದು ಮಟ್ಟ ಮಾಡುತ್ತಾರೆ. ಆಮೇಲೆ ನೀರು ಹರಿಯುತ್ತಿರುವ ಸಾಣೆಕಲ್ಲು. ಅಂಚಿಗೆ ಬೇರೆಯೇ ಅರ, ಅದಕ್ಕೆ ಕೋನದ ಲೆಕ್ಕ: ತಳದ ಕಡೆ ಒಂದು ಡಿಗ್ರಿ ಓರೆ, ಪಕ್ಕದ ಕಡೆ ಒಂದೋ ಎರಡೋ. ಮುಗಿಸಿದವನು ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಮೆಲ್ಲಗೆ ಎಳೆಯುತ್ತಾನೆ. ಉಗುರಿನ ಬಿಳಿಪುಡಿ ಅಂಚಿನಲ್ಲಿ ಉಳಿದರೆ ಹರಿತ ಬಂತೆಂದು ಅರ್ಥ. ಇಷ್ಟೆಲ್ಲ ಮಾಡಿ ಕೊನೆಗೆ ಮುಂದಿನ ಮತ್ತು ಹಿಂದಿನ ತುದಿಗಳನ್ನು ಮಾತ್ರ ರಬ್ಬರಿನಂಥ ಕಲ್ಲಿನಿಂದ ಉಜ್ಜಿ ಮತ್ತೆ ಮೊಂಡು ಮಾಡುತ್ತಾನೆ! ತುದಿಯೂ ಹರಿತವಾಗಿದ್ದರೆ ತಿರುವಿನಲ್ಲಿ ಮಂಜಿಗೆ ಕಚ್ಚಿಕೊಂಡು ಮನುಷ್ಯನನ್ನು ಕೆಡವುತ್ತದಂತೆ.

ಮೈಸೂರಿನಲ್ಲಿ ನಮ್ಮ ಬೀದಿಗೆ ಬರುತ್ತಿದ್ದ ಸಾಣೆಯವನೂ ಹೀಗೇ ಉಗುರಿನ ಮೇಲೇ ಪರೀಕ್ಷೆ ಮಾಡುತ್ತಿದ್ದ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿಯುತ್ತ, ಕಿಡಿ ಹಾರಿಸುತ್ತ ಅವನು ಕೂತರೆ ಸುತ್ತ ನಾವು ಹುಡುಗರು. ಹೋದ ವರ್ಷ ನಮ್ಮತ್ತೆ ಬಂದಿದ್ದಾಗ ಅವರನ್ನೂ ಈ ಕೌಂಟರಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲವನ್ನೂ ಗಮನವಿಟ್ಟು ನೋಡಿ, “ಅಳಿಯಂದಿರೇ, ಇವರು ಈಳಿಗೆಮಣೆಗೂ ಸಾಣೆ ಹಿಡೀತಾರಾ, ಸ್ವಲ್ಪ ವಿಚಾರಿಸಿ” ಎಂದರು. ವಿಚಾರಿಸಲು ನನಗೆ ಧೈರ್ಯ ಸಾಲಲಿಲ್ಲ.

ಸಾಣೆ ಆದ ಮೇಲೆ ಮೇಣ. ಇಸ್ತ್ರಿಪೆಟ್ಟಿಗೆಯಂಥದ್ದಕ್ಕೆ ಮೇಣದ ಬಿಲ್ಲೆ ಒತ್ತಿ ಹಿಡಿದು, ತಳದ ಉದ್ದಕ್ಕೂ ಹನಿಸಿ, ಇಸ್ತ್ರಿ ಉಜ್ಜಿ, ಆರಲು ಬಿಟ್ಟು, ಕಡೆಗೆ ಹಾಕಿದ ಮೇಣವನ್ನೆಲ್ಲ ಹೆರೆದು ತೆಗೆಯುವುದು. ಹೆರೆಯುವುದಾದರೆ ಹಾಕಿದ್ದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ತಳ ಕುಡಿದದ್ದಷ್ಟೇ ಕೆಲಸಕ್ಕೆ ಬರುವುದು, ಮೇಲೆ ನಿಂತದ್ದು ಜಾರುವುದಕ್ಕೆ ಅಡ್ಡಿ. ಚಳಿ ಹೆಚ್ಚಿದ್ದರೆ ಗಟ್ಟಿ ಮೇಣ, ಕಡಿಮೆಯಿದ್ದರೆ ಮೆದುವಾದದ್ದು. ಇಲ್ಲಿನ ಕ್ಯಾಸ್ಕೇಡ್ ಬೆಟ್ಟಸಾಲಿನ ಹಿಮವೋ, ಹತ್ತಿರದ ಸಮುದ್ರದ ತೇವವನ್ನೆಲ್ಲ ಹೀರಿಕೊಂಡು ಬೀಳುವಂಥದ್ದು. ಜನ ಅದಕ್ಕಿಟ್ಟ ಹೆಸರು ‘ಕ್ಯಾಸ್ಕೇಡ್ ಕಾಂಕ್ರೀಟ್’. ಇಂಥ ಒದ್ದೆ ಹಿಮದಲ್ಲಿ ತಳ ತೀರಾ ನುಣುಪಾಗಿದ್ದರೆ ನೀರೇ ಹಿಡಿದು ನಿಲ್ಲಿಸುತ್ತದೆ. ಅದಕ್ಕೇ ಸಾಣೆಕಲ್ಲಿನಿಂದ ತಳದ ತುಂಬ ಸಣ್ಣ ಗೀರುಗಳನ್ನು ಬೇಕೆಂದೇ ಎಳೆಸಿರುತ್ತಾರೆ, ನೀರು ಹರಿದುಹೋಗಲಿ ಎಂದು. ಮೇಣದಲ್ಲೂ ರಾಜಕೀಯವಿದೆ. ಫ್ಲೋರಿನ್ ಬೆರೆಸಿದ ಮೇಣ ಭಾರೀ ವೇಗ ಕೊಡುತ್ತದೆ, ಆದರೆ ಮಣ್ಣುನೀರಿಗೆ ಸೇರಿದರೆ ನಾಶವಾಗದೆ ಉಳಿಯುತ್ತದೆ. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ ಅದನ್ನು ನಿಷೇಧಿಸಿತು. 2023ರ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಸೋಲ್ಡನ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ನಾರ್ವೆಯ ಸ್ಕೀಪಟು ರಗ್ನಿಲ್ಡ್ ಮೊವಿಂಕೆಲ್ ಅನರ್ಹಳಾದದ್ದು ಇದೇ ಕಾರಣಕ್ಕೆ. ಆಟಗಾರ್ತಿ ಶುದ್ಧ, ಸ್ಕೀ ಅಶುದ್ಧ!

ಆದರೆ ಈ ಕೌಂಟರಿನ ನಿಜವಾದ ನಾಟಕ ನಡೆಯುವುದು ಬೈಂಡಿಂಗ್ ವಿಷಯಕ್ಕೆ. ಬೂಟನ್ನು ಸ್ಕೀಗೆ ಕಚ್ಚಿಸಿಡುವ ಸಾಧನ ಅದು. ಬಿದ್ದಾಗ ಅದು ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಸುಮ್ಮಸುಮ್ಮನೆ ಬಿಟ್ಟುಕೊಂಡರೂ ಅಪಾಯವೇ. ಎಷ್ಟು ಬಿಗಿಯಿರಬೇಕು ಎಂಬುದಕ್ಕೆ ಡಿನ್ ಎಂಬ ಸಂಖ್ಯೆ. ಅದನ್ನು ಕಂಡುಹಿಡಿಯಲು ಒಂದು ಫಾರ್ಮು: ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಮತ್ತೆ ನೀವು ಎಂಥ ಸ್ಕೀಪಟು. ಮೊದಲನೆಯ ತರಗತಿ ಹುಷಾರಿನವರದು, ಮೂರನೆಯದು ಹುರುಪಿನವರದು, ಎರಡು ನಡುವಿನದು. ಐವತ್ತು ತುಂಬಿದವರಿಗೆ ಬಿಗಿಯನ್ನು ಒಂದು ಮೆಟ್ಟಿಲು ತಾನಾಗಿಯೇ ಇಳಿಸುತ್ತಾರೆ. ವಯಸ್ಸು ಮುಚ್ಚಿಟ್ಟವರ ಮೂಳೆಗೆ ಅವರೇ ಹೊಣೆ. ಬೇರೆಡೆ ಬಡಾಯಿಗೆ ದಂಡವಿಲ್ಲ. ಇಲ್ಲಿ ಕಾಲಿನ ಮೂಳೆಯೇ ಜಾಮೀನು.

ನನ್ನ ಭಾವಮೈದ ಮೊದಲ ಸಲ ಬಂದದ್ದು ಗ್ಯಾರೇಜ್ ಸೇಲಿನಲ್ಲಿ ಇಪ್ಪತ್ತು ಡಾಲರಿಗೆ ಹೊಡೆದ ಸ್ಕೀ ಹಿಡಿದುಕೊಂಡು. ಕೌಂಟರಿನ ಹುಡುಗಿ ತಿರುಗಿಸಿ ನೋಡಿ, ಈ ಬೈಂಡಿಂಗ್ ಕಂಪನಿಯವರು ಹೊಣೆ ಹೊರುವ ಪಟ್ಟಿಯಿಂದಲೇ ಹೋಗಿದೆ, ನಾವು ಮುಟ್ಟುವಂತಿಲ್ಲ, ಗೋಡೆಗೆ ಚೆನ್ನಾಗಿ ಕಾಣುತ್ತದೆ ಎಂದಳು. ಅದೀಗ ಅವನ ಡ್ರಾಯಿಂಗ್ ರೂಮಿನಲ್ಲಿದೆ. ಬಂದವರು ‘ಆ್ಯಂಟೀಕಾ?’ ಎಂದರೆ ಅವನು ಇಲ್ಲವೆನ್ನುವುದಿಲ್ಲ.

ಈ ಸಲ ಹೊಸ ಸ್ಕೀ. ಕೌಂಟರಿನ ಹುಡುಗಿ ಫಾರ್ಮು ಮುಂದಿಟ್ಟಳು. ತೂಕದ ಮನೆಯನ್ನು ಅವನು ಕೈ ಅಡ್ಡ ಹಿಡಿದು ತುಂಬಿದ. ತರಗತಿಯ ಮನೆಗೆ ಬಂದಾಗ ಗಂಭೀರವಾಗಿ “ಮೂರು” ಎಂದ.

“ಏನೋ ಮೂರು? ಹೋದ ವಾರ ಸ್ನೋಕ್ವಾಲ್ಮಿಯಲ್ಲಿ ಮಕ್ಕಳ ಇಳಿಜಾರಲ್ಲಿ ಬೇಲಿಗೆ ನುಗ್ಗಿದವನು ನೀನಲ್ವಾ?” ಎಂದಳು ಅಕ್ಕ.

“ಅದು ಸ್ಪೀಡ್ ಜಾಸ್ತಿಯಾಗಿದ್ದಕ್ಕೆ ಕಣೇ ಅಕ್ಕ.”

ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಪೆನ್ಸಿಲ್ ಎತ್ತಿಟ್ಟುಕೊಂಡು ಕಾದಳು; ಇಂಥ ಸಂಭಾಷಣೆ ಎಷ್ಟು ಭಾಷೆಗಳಲ್ಲಿ ಕೇಳಿದ್ದಾಳೋ. ಅವನು ನನ್ನ ಮುಖ ನೋಡಿದ. ನಾನು ಪಕ್ಕದ ಕೈಗವಸುಗಳ ಬೆಲೆ ಓದುವುದರಲ್ಲಿ ಮಗ್ನನಾಗಿದ್ದೆ. ಕೊನೆಗೆ ಒಂದಕ್ಕೆ ಗುರುತು ಹಾಕಿದ.

ಮುಂದಿನ ಶನಿವಾರ ಅವನು ಬಿದ್ದ. ಎರಡೂ ಸ್ಕೀ ಕಳಚಿಕೊಂಡು ಎರಡು ದಿಕ್ಕಿಗೆ ಹೋದವು, ಕಾಲು ಮಾತ್ರ ನೆಟ್ಟಗಿತ್ತು. ಮೈಯ ಹಿಮ ಕೊಡವಿಕೊಂಡು ಎದ್ದು ಬಂದು, “ನೋಡಿದ್ರಾ ಭಾವ, ನನ್ನ ಸೆಟ್ಟಿಂಗ್ ಎಷ್ಟು ಕರೆಕ್ಟಾಗಿದೆ!” ಎಂದ.