ಕಾರ್ಡ್ ಮತ್ತು ಕೆಮ್ಮು: ಒಂದು ಮೀಮಾಂಸೆ

ಈ ಮೀಮಾಂಸೆಗೆ ಬೇಕಾದ ಸಲಕರಣೆಗಳು ಮೂರೇ: ಆಯುಷ್ಮಾನ್ ಕಾರ್ಡ್ ಒಂದು, ಒಂಬತ್ತು ದಿನದ ಕೆಮ್ಮು ಒಂದು, ಗುಂಡ್ಲುಪೇಟೆ-ಚಾಮರಾಜನಗರದ ಕೆಂಪು ಬಸ್ಸಿನಲ್ಲಿ ಸೀಟು ಒಂದು. ಮೊದಲೆರಡನ್ನು ಪ್ರಬಂಧಕಾರನೇ ಒದಗಿಸಿದ್ದಾನೆ. ಮೂರನೆಯದು ಸಿಗದ ಕಾರಣ ಕ್ಷೇತ್ರಕಾರ್ಯವು ತೆರಕಣಾಂಬಿಯವರೆಗೆ ನಿಂತುಕೊಂಡೇ ನಡೆಯಿತು.

ಕೆಮ್ಮಿಗೆ ಕಾರ್ಡ್ ತಗೊಳ್ಳುವ ಕ್ಲಿನಿಕ್ ಉಂಟೆ? ಉಂಟು ಎಂಬುದು ಪೂರ್ವಪಕ್ಷ. ಬಿಪಿಎಲ್ ಕುಟುಂಬಕ್ಕೆ ಕಾರ್ಡಿನ ಶಕ್ತಿ ವರ್ಷಕ್ಕೆ 5 ಲಕ್ಷ ರೂಪಾಯಿ. ಕೆಮ್ಮಿಗೆ ಬೇಕಾದದ್ದು ಡಾಕ್ಟರ ಫೀಸು, ಒಂದು ಸಿರಪ್ಪು, ಐದು ಮಾತ್ರೆ. ಆನೆ ಹೊರುವವನಿಗೆ ಆಡು ಭಾರವೆ? ತರ್ಕದಲ್ಲಿ ದೋಷವಿಲ್ಲ. ದೋಷ ಕಂಡದ್ದು ಗುಂಡ್ಲುಪೇಟೆಯ ಒಂದು ಕ್ಲಿನಿಕ್ಕಿನಲ್ಲಿ. ಅಲ್ಲಿಯ ಕಾಂಪೌಂಡರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಇದು ಅಡ್ಮಿಟ್ ಆಗೋರ್ಗೆ ಸಾ. ನಿಮ್ಗೇನಾಗದೆ?”

“ಕೆಮ್ಮು ಕಣಪ್ಪ.”

“ಹಂಗಾದ್ರೆ ಇನ್ನೊಂದೀಟು ಜಾಸ್ತಿಯಾಗ್ಲಿ ಬುಡಿ.”

ಈ ವಾಕ್ಯದಲ್ಲಿ ಇಡೀ ಶಾಸ್ತ್ರವೇ ಅಡಗಿದೆ. 2018ರ ಮಾರ್ಚಿನಲ್ಲಿ ಹುಟ್ಟಿದ ಆರೋಗ್ಯ ಕರ್ನಾಟಕವು ಅದೇ ವರ್ಷದ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತದೊಡನೆ ಸಂಧಿಯಾಯಿತು (ಲೋಪವೋ ಆಗಮವೋ ಎಂಬ ಚರ್ಚೆ ಬೇರೆ). ಅದರ ವ್ಯಾಕರಣದಲ್ಲಿ ರೋಗಗಳಿಗೆ ವಿಭಕ್ತಿಗಳುಂಟು. ದ್ವಿತೀಯ ಹಂತವು ಕರ್ಮಕಾರಕ: ರೋಗಿಯು ತನ್ನ ಕರ್ಮ ಅನುಭವಿಸುತ್ತ ಹಾಸಿಗೆ ಹಿಡಿದಿರಬೇಕು. ತೃತೀಯ ಹಂತವು ಕರಣ: ಸ್ಟೆಂಟಿನಿಂದ, ಗರಗಸದಿಂದ, ಯಂತ್ರದಿಂದ. ಕ್ಲಿಷ್ಟ ದ್ವಿತೀಯಕ್ಕೂ ತೃತೀಯಕ್ಕೂ ಮೊದಲು ಸರ್ಕಾರಿ ಆಸ್ಪತ್ರೆ; ಅಲ್ಲಿ ಆಗದಿದ್ದರೆ ಮಾತ್ರ ರೆಫರಲ್ ಚೀಟಿ, ಆಮೇಲೆ ಖಾಸಗಿ. ತುರ್ತು ಚಿಕಿತ್ಸೆಯನ್ನು ಸಂಬೋಧನಾ ವಿಭಕ್ತಿ ಎಂದು ತಿಳಿಯತಕ್ಕದ್ದು. ಅದರ ರೂಪ ‘ಅಯ್ಯೋ’. ಅದಕ್ಕೆ ಚೀಟಿ ಬೇಡ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ, ಇದು ಅರ್ಧಾಕ್ಷರಕ್ಕೂ ಕಡಿಮೆ. ಇನ್ನು ಕೆಮ್ಮು, ನೆಗಡಿ, ಜ್ವರಗಳು ಪ್ರಥಮಾ ವಿಭಕ್ತಿ. ಪ್ರಥಮೆ ಎಂದರೆ ಕರ್ತೃ. ಖಾಸಗಿ ಕ್ಲಿನಿಕ್ಕಿನಲ್ಲಿ ಖರ್ಚಿನ ಕರ್ತೃ ರೋಗಿಯೇ.

ಚಾಮರಾಜನಗರದಲ್ಲಿ ಇನ್ನೆರಡು ಕ್ಲಿನಿಕ್ ನೋಡಿದ್ದಾಯಿತು. ಉತ್ತರ ಅದೇ, ಕಾಂಪೌಂಡರು ಬೇರೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಪ್ರತೀತಿಯಿತ್ತಲ್ಲ, ಆ ದೋಷ ಕಾರ್ಡಿಗೂ ತಟ್ಟಿತೆ ಎಂಬ ಸಂಶಯ ಬಂತು. ಆದರೆ ಸಿದ್ದರಾಮಯ್ಯನವರು 2013ರ ಮೇಲೆ ಮತ್ತೆ ಮತ್ತೆ ಬಂದೂ ಐದು ವರ್ಷ ಪೂರೈಸಿದ್ದರಿಂದ ಆ ಊಹೆಯನ್ನು ಕೈಬಿಡಬೇಕಾಯಿತು. 2021ರಲ್ಲಿ ರಾಷ್ಟ್ರಪತಿಗಳೇ ಬಂದು ಯಡಪುರದ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿ ಹೋದರು. ಅಷ್ಟು ದೊಡ್ಡ ಕಟ್ಟಡಕ್ಕೆ ಇಷ್ಟು ಸಣ್ಣ ಕೆಮ್ಮು ಕೊಂಡೊಯ್ಯಲು ಪ್ರಬಂಧಕಾರನಿಗೆ ನಾಚಿಕೆಯಾಯಿತು.

ವಾಪಸು ಬರುವಾಗ ಜೊತೆಯಲ್ಲಿದ್ದ ಮನೆಯಾಕೆ ಆಧಾರ್ ತೋರಿಸಿ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಪಡೆದಳು. ತೋರಿಸಿದ ಕೂಡಲೇ ನಡೆಯುವ ಕಾರ್ಡು ಜಗತ್ತಿನಲ್ಲಿ ಉಂಟೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ. ಪ್ರಬಂಧಕಾರ ಗಂಡಸಾದ್ದರಿಂದ ದುಡ್ಡು ಕೊಟ್ಟ.

ಮರುದಿನ ಬೆಳಗ್ಗೆ ಅವಳೇ ಎಬ್ಬಿಸಿ, ಬಯಲಿನಲ್ಲಿ 30,000 ಜನಕ್ಕೊಂದು, ಗಿರಿಜನರ ಕಡೆ 20,000ಕ್ಕೊಂದು ಎಂಬ ಲೆಕ್ಕದಲ್ಲಿ ಸರ್ಕಾರ ಕಟ್ಟುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದಳು. ನಮ್ಮ ಮನೆಯಿಂದ ಎರಡು ಬೀದಿ ಆಚೆ. ಕಾರ್ಡ್ ಚಾಚಿದೆ.

“ಅದ ಮಡಿಕಳಿ ಸಾ, ಕೆಮ್ಮುಕ್ ಯಾಕೆ ಕಾರ್ಡು?” ಎಂದರು ನರ್ಸಮ್ಮ. “ಎಷ್ಟು ದಿನಾಯ್ತು? ಹತ್ತಾ? ಎರಡು ವಾರ ದಾಟುದ್ರೆ ಕಫ ಪರೀಕ್ಷೆಗೆ ಬನ್ನಿ.”

ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿ ಮಾತ್ರೆ ಬರೆದರು. ದುಡ್ಡು ಯಾರೂ ಕೇಳಲಿಲ್ಲ. ಮಾತ್ರೆ ಕಟ್ಟಿಕೊಡಲು ಕಾಗದ ಮುಗಿದಿತ್ತು. ಕಾರ್ಡನ್ನು ಜೇಬಿಗಿಳಿಸಿ, ಅದರ ಪ್ಲಾಸ್ಟಿಕ್ ಕವರಿನೊಳಗೆ ಮಾತ್ರೆ ಹಾಕಿಕೊಂಡು ಬಂದೆ. ಹದಿನೈದೂ ಹಿಡಿದವು.