ಪುಕ್ಕಟೆ ಪ್ರಚಾರದ ಬಿಲ್ಲು ಯಾರ ಹೆಸರಿಗೆ?

ಬೆಂಗಳೂರಿನ ಸಾರ್ವಜನಿಕ ಸಂಪರ್ಕ ಸಂಸ್ಥೆಗಳ ಮಾನ್ಯ ವ್ಯವಸ್ಥಾಪಕರ ಸನ್ನಿಧಿಗೆ,

ಅಡಿಕೆ, ಮೆಕ್ಕೆಜೋಳ, ದಿನಸಿ ವ್ಯಾಪಾರಗಳನ್ನು ನೆಚ್ಚಿಕೊಂಡಿರುವ ನ್ಯಾಮತಿ ಪಟ್ಟಣವು, ಊರಿಗೂ ಒಂದು ‘ಬ್ರ್ಯಾಂಡ್’ ಇರಬೇಕೆಂಬ ಕಾಲಧರ್ಮಕ್ಕೆ ಮಣಿದು ಪ್ರಚಾರ ಸಂಸ್ಥೆಯೊಂದನ್ನು ಗೊತ್ತುಮಾಡಿಕೊಳ್ಳಲು ಹೊರಟರೆ ಆಗುವ ಲಾಭನಷ್ಟಗಳ ಲೆಕ್ಕವನ್ನು ಬಲ್ಲವರ ಪರಿಶೀಲನೆಗೆ ಒಪ್ಪಿಸುವುದು ಈ ಪತ್ರದ ಉದ್ದೇಶ. ಊರಿನ ಪೂರ್ವಚರಿತ್ರೆ ಪ್ರಚಾರಕ್ಕೆ ಅಷ್ಟೇನೂ ಅನುಕೂಲವಾಗಿಲ್ಲ. ಮಲೆನಾಡಿನ ಸರಕಿಗೂ ಬಯಲುಸೀಮೆಯ ಸರಕಿಗೂ ನಡುವಣ ಪೇಟೆಯಾಗಿ ಬೆಳೆದ ಈ ಊರು ಬಹುಕಾಲ ಹೊನ್ನಾಳಿ ತಾಲ್ಲೂಕಿನ ಲೆಕ್ಕದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿಯ ಬೆನ್ನಿಗೆ ಶಿವಮೊಗ್ಗ ಜಿಲ್ಲೆಯನ್ನು ಬಿಟ್ಟು ಬಂತು. ತಾನೇ ತಾಲ್ಲೂಕು ಕೇಂದ್ರವಾಗಲು ಅದಾದ ಮೇಲೆಯೂ ಸುಮಾರು ಎರಡು ದಶಕ ಕಾಯಬೇಕಾಯಿತು.

ಸಂಸ್ಥೆಗಳ ಕಾರ್ಯವಿಧಾನ ಸರಳವಾದದ್ದು. ಮೊದಲ ಸಭೆಗೆ ಹಿರಿಯರು ಬಂದು ಪರದೆಯ ಮೇಲೆ ಭವಿಷ್ಯ ತೋರಿಸುತ್ತಾರೆ. ಕರಾರಿಗೆ ಸಹಿ ಬಿದ್ದ ಮರುದಿನದಿಂದ ಆ ಹಿರಿಯರು ಅದೃಶ್ಯರಾಗಿ, ಅವರ ಜಾಗದಲ್ಲಿ ಕಾಲೇಜು ಮುಗಿಸಿ ಆರು ತಿಂಗಳು ತುಂಬದ ಯುವಕನೊಬ್ಬ ಫೋನಿಗೆ ಸಿಗುತ್ತಾನೆ, ನ್ಯಾಮತಿ ಯಾವ ಜಿಲ್ಲೆಯಲ್ಲಿದೆಯೆಂದು ವಿನಯದಿಂದಲೇ ವಿಚಾರಿಸುತ್ತಾನೆ. ಕೆಲಸವಾಗಲಿ ಬಿಡಲಿ ತಿಂಗಳು ತಿಂಗಳು ಸಲ್ಲಬೇಕಾದ ನಿಗದಿತ ಶುಲ್ಕಕ್ಕೆ ‘ರಿಟೈನರ್’ ಎಂದು ಹೆಸರು. ಅಡಿಕೆ ಮಂಡಿಯ ದಲಾಲಿಯಾದರೂ ಮಾಲು ವಿಲೇವಾರಿಯಾದ ಮೇಲೆಯೇ ಕಮಿಷನ್ ಹಿಡಿಯುವುದರಿಂದ, ಮೂಟೆ ಬಿಚ್ಚುವ ಮೊದಲೇ ಹಣ ಎಣಿಸಿಕೊಳ್ಳುವ ಈ ಪದ್ಧತಿಯನ್ನು ಇಲ್ಲಿನ ವರ್ತಕರು ಅಸೂಯೆಯಿಂದಲೇ ಅಧ್ಯಯನ ಮಾಡಬೇಕಾದೀತು.

ಈ ವೃತ್ತಿಯ ಆದಿಪುರುಷರಲ್ಲೊಬ್ಬನಾದ ಅಮೆರಿಕದ ಐವಿ ಲೀ 1906ರಲ್ಲಿ ಪತ್ರಿಕೆಗಳಿಗೆ ಕಳುಹಿಸಿದ ತತ್ತ್ವಘೋಷಣೆಯಲ್ಲಿ, ತನ್ನದು ಗುಟ್ಟಿನ ಕಚೇರಿಯಲ್ಲವೆಂದೂ ತಾನು ಒದಗಿಸುವುದು ಸುದ್ದಿಯೇ ಹೊರತು ಜಾಹೀರಾತಲ್ಲವೆಂದೂ ಸಾರಿದ್ದನು. ಅವನ ವಾರಸುದಾರರು ಅದೇ ಸುದ್ದಿಯನ್ನು ಜಾಹೀರಾತಿನ ಗಜಕಡ್ಡಿಯಿಂದ ಅಳೆಯುವುದನ್ನು ರೂಢಿಸಿಕೊಂಡರು. ಪತ್ರಿಕೆಯಲ್ಲಿ ಪುಕ್ಕಟೆಯಾಗಿ ಬಂದ ವರದಿಯಷ್ಟೇ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ತೆರಬೇಕಾಗಿತ್ತೆಂದು ಗುಣಿಸಿ, ಆ ಮೊತ್ತವನ್ನು ಕಕ್ಷಿದಾರನಿಗಾದ ಲಾಭವೆಂದು ತೋರಿಸುವ ಈ ವಿಧಾನವನ್ನು ‘ಜಾಹೀರಾತು ಸಮಾನ ಮೌಲ್ಯ’ ಎನ್ನುತ್ತಾರೆ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಮಾಪನ ತಜ್ಞರು ಇದು ಸಾರ್ವಜನಿಕ ಸಂಪರ್ಕದ ಮೌಲ್ಯವೇ ಅಲ್ಲವೆಂದು ನಿರ್ಣಯಿಸಿದರೂ, ಮಾಸಾಂತ್ಯದ ‘ಕವರೇಜ್ ವರದಿ’, ಎಂದರೆ ಕತ್ತರಿಸಿ ಅಂಟಿಸಿದ ಸುದ್ದಿತುಣುಕುಗಳ ಕಡತ, ಇನ್ನೂ ಅದರ ಗುಂಗಿನಿಂದ ಪೂರ್ತಿ ಬಿಡಿಸಿಕೊಂಡಂತಿಲ್ಲ.

ನ್ಯಾಮತಿಯ ಸಮಸ್ಯೆ ಹುಟ್ಟುವುದು ಇಲ್ಲಿಯೇ. 2024ರ ಅಕ್ಟೋಬರ್ ಕೊನೆಯಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ನ್ಯಾಮತಿ ಶಾಖೆಯಿಂದ, ಗ್ರಾಹಕರು ಅಡವಿಟ್ಟಿದ್ದ 17 ಕಿಲೋಗೂ ಹೆಚ್ಚು ಚಿನ್ನ ಕಳುವಾಯಿತು. ಕಿಟಕಿಯ ಸರಳು, ಗ್ಯಾಸ್ ಕಟರ್, ಎರಚಿದ ಖಾರದ ಪುಡಿ, ಸಿಸಿಟಿವಿ ದೃಶ್ಯಗಳ ಸಮೇತ ಮಾಯವಾದ ಪೆಟ್ಟಿಗೆ, ಇವೆಲ್ಲ ಆಗಲೇ ಸುದ್ದಿಯಾಗಿದ್ದವು. 2025ರ ಮಾರ್ಚ್ ಕೊನೆಯಲ್ಲಿ ಆರೋಪಿಗಳ ಬಂಧನವನ್ನು ಪ್ರಕಟಿಸಿದ ಪೊಲೀಸರು, ಅವರಲ್ಲಿ ಮುಖ್ಯನಾದವನು ಇದೇ ಊರಿನಲ್ಲಿ ಸಿಹಿತಿಂಡಿ ವ್ಯಾಪಾರ ಮಾಡಿಕೊಂಡಿದ್ದವನೆಂದೂ, ಸಾಲದ ಅರ್ಜಿ ತಿರಸ್ಕೃತವಾದದ್ದು ಪ್ರೇರಣೆಯೆಂದೂ, ‘ಮನಿ ಹೈಸ್ಟ್’ ಧಾರಾವಾಹಿ ಪಠ್ಯವೆಂದೂ, ಚಿನ್ನದ ಬಹುಭಾಗ ತಮಿಳುನಾಡಿನ ಮಧುರೆ ಕಡೆಯ ಬಾವಿಯೊಂದರಲ್ಲಿ ಸಿಕ್ಕಿತೆಂದೂ ತಿಳಿಸಿದರು. ಜಿಲ್ಲಾ ಪುಟವನ್ನು ಅಪರೂಪಕ್ಕಷ್ಟೇ ದಾಟುತ್ತಿದ್ದ ಊರಿನ ಹೆಸರು ದೇಶದ ಪತ್ರಿಕೆಗಳನ್ನೂ ವಾಹಿನಿಗಳನ್ನೂ ಸುತ್ತಿಬಂತು. ಒಂದೇ ಒಂದು ಪ್ರೆಸ್ ನೋಟನ್ನೂ ಊರು ಕಳುಹಿಸಿರಲಿಲ್ಲ.

ಆದುದರಿಂದ ಸಂಸ್ಥೆಗಳ ಮೊದಲ ಕರ್ತವ್ಯವೆಂದರೆ, ತಮ್ಮದೇ ಗಜಕಡ್ಡಿಯಿಂದ ಈ ಪ್ರಚಾರದ ಮೌಲ್ಯವನ್ನು ಕೋಟಿಗಳಲ್ಲಿ ಕಟ್ಟಿ, ಆ ಬಿಲ್ಲನ್ನು ಯಾರ ಹೆಸರಿಗೆ ಬರೆಯಬೇಕೆಂದು ತೀರ್ಮಾನಿಸುವುದು. ಆ ಗಣಿತವನ್ನು ಒಪ್ಪಿದ ಪಕ್ಷದಲ್ಲಿ, ನ್ಯಾಮತಿ ಇದುವರೆಗೆ ಕಂಡ ಅತಿ ಸಮರ್ಥ ಪ್ರಚಾರಾಧಿಕಾರಿಗಳು ಪೊಲೀಸರ ಆರೋಪಿಗಳ ಪಟ್ಟಿಯಲ್ಲಿದ್ದಾರೆಂದೂ ಅವರಿಗೆ ರಿಟೈನರ್ ಬಾಕಿಯಿದೆಯೆಂದೂ ಒಪ್ಪಬೇಕಾಗುತ್ತದೆ. ಗಣಿತವೇ ತಪ್ಪೆನ್ನುವುದಾದರೆ ಕವರೇಜ್ ವರದಿಯಲ್ಲಿ ಈ ಮೌಲ್ಯ ಬರೆಯುವ ಕೊನೆಯ ಕಾಲಮ್ಮನ್ನು ಅಳಿಸಬೇಕಾಗುತ್ತದೆ. ಮೂರನೆಯ ದಾರಿಯಿದ್ದರೆ ಸಂಸ್ಥೆಯವರೇ ತೋರಿಸಬೇಕು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ತಾಲ್ಲೂಕಿನಲ್ಲಿಯೇ ಇದೆ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರ ಸಮುದಾಯದ ಅನೇಕರು ನಂಬಿರುವ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರುವರಿಯ ಜಯಂತಿಗೆ ಕರ್ನಾಟಕದ ಮೂಲೆಮೂಲೆಗಳಿಂದಲೂ ನೆರೆರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಮಾಲೆ ಧರಿಸಿ ಕಾಲ್ನಡಿಗೆಯಲ್ಲಿ ಬರುವವರೂ ಉಂಟು. ತಾಂಡಾದಿಂದ ತಾಂಡಾಕ್ಕೆ ಬಾಯಿಮಾತಿನಲ್ಲಿ ಹೋಗುವ ಆಹ್ವಾನಕ್ಕೆ ಘೋಷವಾಕ್ಯವೂ ಬೇಡ, ಲಾಂಛನವೂ ಬೇಡ. ಅಷ್ಟು ಜನ ಸೇರಿದರೂ ರಾಷ್ಟ್ರೀಯ ವಾಹಿನಿಗಳಿಂದ ಅದಕ್ಕೆ ಕಳ್ಳತನಕ್ಕೆ ದೊರೆತಷ್ಟು ಜಾಗ ದೊರೆಯದಿರುವುದನ್ನು, ಗಜಕಡ್ಡಿ ಹಿಡಿದವರು ಜಾತ್ರೆಯ ಕೊರತೆಯೆಂದು ದಾಖಲಿಸುತ್ತಾರೋ ಏನೋ.

‘ಬಿಕ್ಕಟ್ಟು ನಿರ್ವಹಣೆ’, ಅಂದರೆ ಹೆಸರು ಕೆಟ್ಟಾಗ ಆಡಬೇಕಾದ ಮತ್ತು ಆಡಬಾರದ ಮಾತುಗಳನ್ನು ಗೊತ್ತುಮಾಡಿಕೊಡುವ ಸೇವೆ, ಸಂಸ್ಥೆಗಳ ದರಪಟ್ಟಿಯಲ್ಲಿ ದುಬಾರಿಯಾದವುಗಳಲ್ಲೊಂದು. ಆದರೆ ಕಳ್ಳತನದಿಂದ ಬಂಧನದವರೆಗಿನ ಆ ಐದು ತಿಂಗಳು ಚಿನ್ನ ಅಡವಿಟ್ಟವರಿಗೆ ಬೇಕಾಗಿದ್ದದ್ದು ಮಗಳ ಮದುವೆಗೆ ತೆಗೆದಿರಿಸಿದ್ದ ಸರ ವಾಪಸು ಬರುವುದೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಉತ್ತರ; ಅದನ್ನು ಕೊಡಬಲ್ಲವರು ತನಿಖೆ ಮಾಡುತ್ತಿದ್ದ ಪೊಲೀಸರೇ ಹೊರತು ಹೇಳಿಕೆ ಬರೆಯುವವರಲ್ಲ.

ಇಷ್ಟಾದರೂ ನ್ಯಾಮತಿಗೆ ಸೇವೆ ಸಲ್ಲಿಸುವ ಹಂಬಲವುಳ್ಳ ಸಂಸ್ಥೆಗಳು ಮುಚ್ಚಿದ ಲಕೋಟೆಯಲ್ಲಿ ದರಪಟ್ಟಿ ಸಲ್ಲಿಸಬಹುದು. ಷರತ್ತುಗಳು ಹೆಚ್ಚಿಲ್ಲ: ಪರದೆಯ ಮೇಲೆ ಭವಿಷ್ಯ ತೋರಿಸಿದ ಹಿರಿಯರೇ ಸಹಿಯಾದ ಮೇಲೂ ಫೋನೆತ್ತಬೇಕು, ಊರನ್ನು ಹೊಗಳುವ ಪ್ರೆಸ್ ನೋಟನ್ನು ಪತ್ರಿಕೆಗೆ ಕಳುಹಿಸುವ ಮೊದಲು ವಾರದ ಸಂತೆಯಲ್ಲಿ ನಿಂತು ಗಟ್ಟಿಯಾಗಿ ಓದಬೇಕು, ಕೇಳಿದವರು ನಕ್ಕ ವಾಕ್ಯಗಳನ್ನು ಶುಲ್ಕ ಕೇಳದೆ ತೆಗೆದುಹಾಕಬೇಕು.

ಇಂತಿ,
ನ್ಯಾಮತಿಯ ಪೇಟೆಬೀದಿಯ ಪರವಾಗಿ