ಬೆಕ್ಕು ಸಹಿ ಹಾಕಿಲ್ಲ

ಸುರಪುರ ತಾಲ್ಲೂಕಿನ ತಿಂಥಣಿಯ ನಮ್ಮ ಮಾಳಿಗೆ ಮನೆಯಲ್ಲಿ ಬೆಕ್ಕನ್ನು ಯಾರೂ ಸಾಕಿದ್ದಿಲ್ಲ. ಅದು ಬೆಳಕಿಂಡಿಯಿಂದ ತಾನೇ ಇಳಿದು ಬರುತ್ತಿತ್ತು. ಜೋಳದ ಚೀಲಗಳ ಮೇಲೊಂದು ಸುತ್ತು ಹಾಕಿ, ಇಲಿಗಳ ಲೆಕ್ಕ ಚುಕ್ತಾ ಮಾಡಿ, ಒಲೆಯ ಬೂದಿಯಲ್ಲಿ ಮಲಗುತ್ತಿತ್ತು. ನಾಯಿಯದೂ ಅಷ್ಟೇ: ಕಟ್ಟೆಯ ಮಗ್ಗುಲಲ್ಲಿ ವಾಸ, ಅವ್ವ ಎಸೆದ ರೊಟ್ಟಿ ತುಣುಕೇ ಪಗಾರ. ಕೃಷ್ಣಾ ದಂಡೆಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಊರದು. ಬಂದ ಭಕ್ತರನ್ನೇ ‘ನೀನ್ಯಾರವ’ ಎಂದು ಕೇಳದವರು ಬೆಕ್ಕನ್ನು ಕೇಳುತ್ತಾರೆಯೇ? ‘ಸಾಕುಪ್ರಾಣಿ’ ಎಂಬ ಪದವನ್ನು ನಾನು ಶಾಲೆಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮರೆತೂಬಿಟ್ಟಿದ್ದೆ.

ಅದು ಮತ್ತೆ ಎದುರಾದದ್ದು ಬೆಂಗಳೂರಿನ ಲೀಸ್ ಕರಾರಿನಲ್ಲಿ. ಲೀಸ್ ಎಂದರೆ ನಮ್ಮ ಹಳೆಯ ಭೋಗ್ಯವೇ: ಇಡಿಗಂಟು ಮಾಲೀಕರ ಕೈಗೆ, ಬಾಡಿಗೆಯಿಲ್ಲ, ಮನೆ ಬಿಡುವಾಗ ಗಂಟು ವಾಪಸ್. ಹೊಲ ಮಾರಿದ ದುಡ್ಡು ಕೊಟ್ಟು ಎರಡನೇ ಮಹಡಿಯ ಮನೆ ಹಿಡಿದೆ. ಛಾಪಾ ಕಾಗದದ ಹನ್ನೊಂದನೇ ಷರತ್ತು, ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಹನ್ನೆರಡನೆಯದು, ಸಾಕುಪ್ರಾಣಿ ಇಟ್ಟುಕೊಳ್ಳತಕ್ಕದ್ದಲ್ಲ. ನನ್ನ ಬಳಿ ಮೊಳೆಯೂ ಇರಲಿಲ್ಲ, ಪ್ರಾಣಿಯೂ ಇರಲಿಲ್ಲ. ಸಹಿ ಹಾಕಿದೆ.

ಆರು ತಿಂಗಳಿಗೆ ಅವ್ವ ಬಂದಳು. ರಾತ್ರಿ ಬಸ್ಸಿಂದ ಇಳಿದವಳ ಕೈಯಲ್ಲಿ ಎರಡು ಬುಟ್ಟಿ. ಒಂದರಲ್ಲಿ ಕಟಕ ರೊಟ್ಟಿ. ಇನ್ನೊಂದು ‘ಮಿಯಾಂವ್’ ಎಂದಿತು.

“ಯವ್ವಾ, ಇಲ್ಲಿ ಬೆಕ್ಕು ಇಟಗೊಳ್ಳಂಗಿಲ್ಲ. ನಾ ಬರ್ದು ಕೊಟ್ಟೀನಿ.”

“ನೀ ಬರ್ದು ಕೊಟ್ಟಿದಿ. ಬೆಕ್ಕು ಬರ್ದು ಕೊಟ್ಟದೇನು?”

ಈ ವಾದಕ್ಕೆ ಉತ್ತರ ಹುಡುಕಲು ಕಾನೂನು ತಿರುವಿದೆ. ಜೀವಿಗಳಿಗೆ ದಯೆ ತೋರುವುದು ನನ್ನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ(ಜಿ) ವಿಧಿಯೇ ಹೇಳುತ್ತದೆ. ಸಾಕುಪ್ರಾಣಿ ಬೇಡವೆನ್ನುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸುತ್ತೋಲೆ ಹೊರಡಿಸಿದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಸಂಘಗಳ ಅಂಥ ನಿಯಮ ನಿಲ್ಲದು ಎಂದಿತು. ಎದೆ ಉಬ್ಬಿತು. ಆಮೇಲೆ ಹೊಳೆಯಿತು: ಅದೆಲ್ಲ ಸಂಘದ ನಿಯಮದ ಮಾತು. ನನ್ನದು ನಾನೇ ಸಹಿ ಹಾಕಿದ ಕಾಗದ, ಮೇಲಾಗಿ ಹೊಲದ ದುಡ್ಡು ಮಾಲೀಕರ ಬಳಿ. ಎದೆ ಇಳಿಯಿತು. ಬೆಕ್ಕನ್ನು ಎಲ್ಲಾದರೂ ಬಿಟ್ಟುಬರೋಣವೆಂದರೆ, ಪ್ರಾಣಿಯನ್ನು ಹಸಿವು ನೀರಡಿಕೆಗೆ ಗುರಿಮಾಡಿ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಇಟ್ಟುಕೊಂಡರೆ ಕರಾರು ಕೆಟ್ಟಿತು, ಬಿಟ್ಟರೆ ಕಾಯ್ದೆ ಕೆಟ್ಟಿತು. ಕರಾರೇ ಕೆಡಲೆಂದು ಕದ್ದು ಸಾಕಿದೆ.

ಮೆಟ್ಟಿಲಲ್ಲಿ ಮಾಲೀಕರ ಚಪ್ಪಲಿ ಸದ್ದಾದರೆ ಬೆಕ್ಕು ಅಡುಗೆಮನೆಯ ಸಜ್ಜಾ ಏರಬೇಕು, ನಾನು ಬಾಗಿಲಿಗೆ ಅಡ್ಡ ನಿಲ್ಲಬೇಕು. ಒಳಗೆ ಅದು ಕೂಗಿದರೆ ಹೊರಗೆ ನಾನು ಕೆಮ್ಮಬೇಕು. ವರ್ಷವಿಡೀ ಕೆಮ್ಮಿದೆ. ಮಾಲೀಕರು ಪಾಪ, ಮೊದಲು ಶುಂಠಿ ಕಷಾಯ ಹೇಳಿದರು, ಆಮೇಲೆ ಆಡುಸೋಗೆ, ಕಡೆಗೆ ಡಾಕ್ಟರ ವಿಳಾಸವನ್ನೇ ಬರೆದುಕೊಟ್ಟರು.

ಒಂದು ಸಂಜೆ ಬಂದವರು ಕಷಾಯದ ಮಾತೆತ್ತಲಿಲ್ಲ. ಕೆಳಗೆ ಅವರ ಅಡುಗೆಮನೆಗೆ ಇಲಿ ನುಗ್ಗಿತ್ತಂತೆ. ಅಂಟುಹಾಳೆ ಸೋತಿತ್ತು, ಬೋನೂ ಸೋತಿತ್ತು. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು:

“ನಿಮ್ಮ ಕೆಮ್ಮನ್ನ ಎರಡು ರಾತ್ರಿ ನಮ್ಮನೆಗೆ ಕಳ್ಸಿಕೊಡ್ತೀರಾ?”

ಕೆಮ್ಮು ಹೋಯಿತು, ತಿಂಥಣಿಯ ಪದ್ಧತಿಯಂತೆ ಲೆಕ್ಕ ಚುಕ್ತಾ ಮಾಡಿ ಮೂರನೇ ದಿನ ಮರಳಿತು. ಮೊನ್ನೆ ಲೀಸ್ ಮುಂದುವರಿಸಲು ಹೊಸ ಕಾಗದ ತಂದರು. ಹನ್ನೆರಡನೇ ಷರತ್ತು ಇದ್ದ ಹಾಗೇ ಇತ್ತು. ಅವರೂ ಓದಲಿಲ್ಲ, ನಾನೂ ಓದಲಿಲ್ಲ. ಬೆಕ್ಕು ಕಾಗದದ ಮೇಲೇ ಮಲಗಿದ್ದರಿಂದ, ಅದು ಏಳುವತನಕ ಇಬ್ಬರೂ ಕಾದು ಸಹಿ ಹಾಕಿದೆವು.